ಒಬ್ಬರಿಗೆ ಒಂದೇ ರೋಲು

ಫ್ರಿಜ್ಜಿನ ಮೇಲಿನ ತಟ್ಟಿನಲ್ಲಿ ಮಿಸೋ ಡಬ್ಬಿ, ಒಣಮೀನು.
ಕೆಳಗಿನದರಲ್ಲಿ ಸ್ಲೈಡ್ ಫಿಲ್ಮು, ಒಂಬತ್ತು ಡಬ್ಬಿ.
ಮಸುಯೊ ಬೈಯುತ್ತಾಳೆ: ಮೂಲಂಗಿಗೆ ಜಾಗವಿಲ್ಲ,
ನಿಮ್ಮ ಬಣ್ಣಗಳಿಗೆ ಮಾತ್ರ ತಣ್ಣನೆಯ ಅರಮನೆ.
ಅಬಾಶಿರಿಯಲ್ಲಿ ಫೆಬ್ರವರಿ, ಸೊನ್ನೆಗಿಂತ ಹದಿನಾಲ್ಕು ಕೆಳಗೆ,
ಕಿಟಕಿಯಾಚೆ ಇಟ್ಟರೂ ಕೆಡದು ಅನ್ನುತ್ತಾಳೆ.
ನಿಜ. ಆದರೂ ಬಾಗಿಲು ತೆರೆದಾಗ ಹೊತ್ತುವ
ಆ ಪುಟ್ಟ ಹಳದಿ ದೀಪದಲ್ಲಿ ಎಣಿಸುವುದು ನನ್ನ ಚಾಳಿ.
ಒಂಬತ್ತು.

ಕಂಪನಿಯ ಪತ್ರ ಬಂದಿದೆ ಮತ್ತೆ, ಬಾಗಿ ಬಾಗಿ ನಮಿಸುತ್ತ:
ಕಚ್ಚಾ ಸಾಮಗ್ರಿ ದುಬಾರಿ, ಏಪ್ರಿಲ್ಲಿಂದ ಬೆಲೆ ಏರುತ್ತದೆ,
ಮುಂದಿನ ಸರಕು ಯಾವಾಗೆಂದು ಹೇಳಲಾಗದು, ಕ್ಷಮಿಸಿ.
ಇಪ್ಪತ್ತು ವರ್ಷದಿಂದ ಹೀಗೇ ಸಾಯುತ್ತಿದೆ ಇದು.
ಹೆಗಲು ಕೊಡಲು ಹೋದಾಗಲೆಲ್ಲ
ಎದ್ದು ಕೂತು ಚಹಾ ಕೇಳುತ್ತದೆ.

ಗಾಜಿಗೆ ಚೀಟಿ ಅಂಟಿಸಿದ್ದೇನೆ: ಒಬ್ಬರಿಗೆ ಒಂದೇ ರೋಲು.
ತ್ಸುಕಿನಾಗಾಗೆ ಅದೂ ಹೆಚ್ಚು.
ಮಂಜು ಒಡೆಯುವ ಹಡಗಿನಲ್ಲಿ ಎಂಜಿನ್ನು ನೋಡಿಕೊಂಡಿದ್ದವ,
ಬೇಸಿಗೆಗೊಂದು, ಚಳಿಗೊಂದು ಒಯ್ಯುತ್ತಾನೆ.
ಮೂವತ್ತಾರು ಚಿತ್ರವೆಂದರೆ ಅವನಿಗೆ ಆರು ತಿಂಗಳು.
"ಮಾತು ಕಮ್ಮಿ ಇರೋರ ಫಿಲ್ಮು ಇದು" ಎಂದ ಒಮ್ಮೆ,
ಅಷ್ಟಾಡಿದ್ದೇ ಅತಿಯಾಯಿತೆಂಬಂತೆ ಹೊರಟುಬಿಟ್ಟ.

ಆಮೇಲೆ ಈ ಹುಡುಗಿ, ಶಿಓರಿ, ಏಡಿ ಕಾರ್ಖಾನೆಯವಳು,
ಉಗುರ ಸಂದಿಯಲ್ಲಿ ಇನ್ನೂ ಉಪ್ಪು.
ನೆಗೆಟಿವ್ ಕೊಡಲೇ, ಅಗ್ಗ, ತಪ್ಪಿದರೂ ತಿದ್ದಬಹುದು ಎಂದೆ.
"ತಿದ್ದೋದು ಬೇಡ. ತಪ್ಪು ತಪ್ಪಾಗೇ ಇರಲಿ."
ಒಂದು ಪಾಳಿಯ ಕೂಲಿ ಎಣಿಸಿಟ್ಟಳು, ಚಿಲ್ಲರೆ ಸಮೇತ.
ಹಿಮ ಮೋಸಗಾರ ಕಣಮ್ಮ, ಎಂದು ಎಚ್ಚರಿಸಿದೆ,
ಮೀಟರಿಗೆ ಬಿಳಿಯೆಲ್ಲ ಬೂದಿಯೇ,
ಒಂದೂವರೆ ಸ್ಟಾಪು ಜಾಸ್ತಿ ಕೊಡು.
ತಲೆಯಾಡಿಸಿದಳು. ಕೇಳಿಸಿಕೊಂಡಿರಲಿಲ್ಲ.

ಟೋಕಿಯೋದ ಲ್ಯಾಬಿಗೆ ಅಂಚೆ, ಮರಳಲು ಹನ್ನೊಂದು ದಿನ.
ಅಲ್ಲಿ ಮೂವತ್ತೆಂಟು ಡಿಗ್ರಿಯಲ್ಲಿ,
ಎಳೆಗೂಸಿಗೆ ಎರೆಯುವ ನೀರಿನ ಹದದಲ್ಲಿ,
ಮೊದಲು ತಲೆಕೆಳಗಾಗಿ ಹುಟ್ಟಿ, ಆಮೇಲೆ ಮಗುಚಿ,
ಬೆಳಕು ಬೆಳಕಾಗಿ, ಕತ್ತಲೆ ಕತ್ತಲೆಯಾಗಿ ನಿಲ್ಲುತ್ತದೆ.
ಇದಕ್ಕೊಂದು ಮೂಲ ಬೇರೆ ಯಾವ ಪೆಟ್ಟಿಗೆಯಲ್ಲೂ ಇಲ್ಲ.
ದಂಡೆಯ ಚಳಿಯಲ್ಲಿ ಆ ಹೊತ್ತು ನಿಂತು
ಆ ಬೆಳಕನ್ನೇ ಉಂಡು ಬಂದದ್ದು ಈ ತುಣುಕೇ.
ಇದಕ್ಕಿಂತ ಹೇಳಲು ನನಗೆ ಬಾರದು,
ನಲವತ್ತು ವರ್ಷ ಮಾರಿದ್ದೇನೆ, ಅಷ್ಟೆ.

ನಿನ್ನೆ ಬಂದಳು. ಬೆಳಕಿನ ಮೇಜು ಹೊತ್ತಿಸಿದೆ.
ಮೊದಲ ಸಾಲು ಮಸಿ. ಎರಡನೆಯದು ನೀಲಿ ಮಸಿ.
ತೇಲಿ ಬಂದ ಮಂಜುಗಡ್ಡೆಯೆಲ್ಲ ಇರುಳಿನ ಬಂಡೆ.
ನಾನು ಸುಮ್ಮನೆ ಕೆಮ್ಮಿದೆ.
ಅವಳು ಒಂದೊಂದಕ್ಕೂ ಭೂತಗನ್ನಡಿ ಇಟ್ಟು ಬಗ್ಗುತ್ತಿದ್ದಳು,
ಬಾವಿಯಲ್ಲಿ ಬಿಂದಿಗೆ ಹುಡುಕುವವರ ಹಾಗೆ.
ಇಪ್ಪತ್ತೇಳರಲ್ಲಿ ನಿಂತಳು. ನಿಂತೇ ಇದ್ದಳು.
"ನೋಡಿ" ಎಂದು ಸರಿದು ಜಾಗ ಬಿಟ್ಟಳು.

ಮೋಡ ಸರಿದಿತ್ತೋ, ಬೆರಳು ಜಾರಿ ಮುಳ್ಳು ತಿರುಗಿತ್ತೋ,
ಬೆಳ್ಳಗೆ ಬೆಳ್ಳಗಿದ್ದ ಮಂಜಿನ ಮೇಲೆ
ಒಂದು ರಬ್ಬರಿನ ಕೈಗವಸು. ಕಿತ್ತಳೆ.
ಐದೂ ಬೆರಳಲ್ಲಿ ಗಾಳಿ ಉಬ್ಬಿಕೊಂಡು.
ಅಂಥ ಕಿತ್ತಳೆ ನಾನು ಈ ಊರಲ್ಲಿ ಕಂಡಿಲ್ಲ.
ಕಂಡಿದ್ದೇನೆ, ದಿನಾ, ಬಂದರಿನಲ್ಲಿ, ನೂರಾರು ಕೈಗಳಲ್ಲಿ.
ಕಂಡಿಲ್ಲ.

ಯಾರದು, ಎಂದೆ.
"ಗೊತ್ತಿಲ್ಲ. ಮಾರನೇ ದಿನ ಹೋದೆ.
ಆ ಗಡ್ಡೆಯೇ ಹೊರಟುಹೋಗಿತ್ತು."

ಇನ್ನೊಂದು ರೋಲು ಕೇಳಿದಳು. ಚೀಟಿ ತೋರಿಸಿದೆ.
"ಅದು ಹೋದ ತಿಂಗಳ ಒಬ್ಬಳು" ಎಂದಳು, ನಗದೆ.
ಒಣಮೀನಿನ ವಾಸನೆ ಹತ್ತಿದ ಡಬ್ಬಿಯನ್ನು
ಅಂಗಿಗೆ ಒರೆಸಿ ಕೊಟ್ಟೆ.
ಒಂದೂವರೆ ಸ್ಟಾಪು, ಎಂದೆ. ತಲೆಯಾಡಿಸಿದಳು.

ಎಂಟು.