ಹಿಡಿಕಂಬಿ

ಸರ್ಕಾರದ ಹಣ ಮಾರ್ಚಿನಲ್ಲಿ ಬಂತು,
ಶಾಲೂರ್ ಕೊಲ್ಲಿಯ ಮಂಜುಗಡ್ಡೆ ಇನ್ನೂ ಬಿರಿದಿರಲಿಲ್ಲ.
ಮನೆಯೊಂದಕ್ಕೆ ಎರಡು ಕಂಬಿ, ಹನ್ನೆರಡು ತಿರುಪು,
ಮೆಟ್ಟಿಲ ಹಿಮ ಗೋರಲು ವಾರಕ್ಕೊಮ್ಮೆ ಒಬ್ಬ ಹುಡುಗ,
ಮತ್ತೆ ನಾನು, ಡ್ರಿಲ್ ಹಿಡಿದವನು.

ಓಸೀತಳ ಬಚ್ಚಲಗೋಡೆ ತಟ್ಟುತ್ತ ಹೋದೆ:
ಪೊಳ್ಳು, ಪೊಳ್ಳು, ಪೊಳ್ಳು, ಗಟ್ಟಿ.
"ಅಲ್ಲಲ್ಲಪ್ಪಾ" ಅಂದಳು ತೊಂಬತ್ತೊಂದರ ಮುದುಕಿ,
"ನಾನು ಬೀಳೋದು ಇಲ್ಲಿ."

ಅರ್ಜಿಯಲ್ಲಿ ಕೇಳಿದ್ದರು:
ದಿನಕ್ಕೆ ಎಷ್ಟು ನಿಮಿಷದ ನೆರವು ಬೇಕು?
ಮೂವತ್ತೆಂಟು ವರ್ಷ ಕಾರ್ಖಾನೆಯಲ್ಲಿ ನಿಂತೇ
ಏಡಿಯ ಚಿಪ್ಪು ಒಡೆದವಳು
ದೊಡ್ಡದಾಗಿ ಸೊನ್ನೆ ಬರೆದಳು.
ಸಮಿತಿಯ ರೊಝೆಲ್ಲಾ ಅದರ ಎಡಗಡೆ
ಮೆಲ್ಲಗೆ ಒಂದು ನಾಲ್ಕು ಸೇರಿಸಿದಳಂತೆ,
ಅದೇ ಶಾಯಿಯಲ್ಲಿ.

ಆ ನಲವತ್ತು ನಿಮಿಷಕ್ಕೆ ಈಗ ಮಾರೀಜ್ ಬರುತ್ತಾಳೆ,
ಬೆನ್ನು ತಿಕ್ಕಿ, ಸೂಪು ಬಿಸಿಮಾಡಿಟ್ಟು,
ಇಸ್ಪೀಟಿನಲ್ಲಿ ಸೋತು ಹೋಗುತ್ತಾಳೆ.

ಹಣ ಎರಡೇ ವರ್ಷಕ್ಕೆ ಎಂದಿತ್ತು ಕಾಗದ.
ಓದಿ ಹೇಳಿದೆ.
"ನನ್ನ ಲೆಕ್ಕವೂ ಅಷ್ಟೇ" ಎಂದು ನಕ್ಕಳು,
"ಮೊದಲು ಮುಗಿಯೋದು ಯಾರೋ ನೋಡೋಣ."

ಬಿಗಿ ನೋಡಲು ಮೇ ತಿಂಗಳಲ್ಲಿ ಮತ್ತೆ ಹೋದೆ.
ನೂರ ಮೂವತ್ತು ಕಿಲೋ ತಾಳುವ ಉಕ್ಕಿನ ಮೇಲೆ
ಒಣಗುತ್ತಿದ್ದವು ಒಂದು ಜೊತೆ ಉಣ್ಣೆಯ ಕಾಲುಚೀಲ.
ಅವನ್ನು ತೆಗೆದು ಹೆಗಲಿಗೆ ಹಾಕಿಕೊಂಡು
ಕಂಬಿಗೆ ಜೋತುಬಿದ್ದೆ, ಮೈಭಾರವೆಲ್ಲ ಬಿಟ್ಟು.
ಅಲುಗಲಿಲ್ಲ.

ಮತ್ತೆ ಅಲ್ಲೇ ಹರವಿ ಬಂದೆ.
ಹೆಬ್ಬೆರಳ ತುದಿ ಇನ್ನೂ ಹಸಿ ಇತ್ತು.