ಚಿಲಕ

ಎಸ್.ಪಿ. ರೋಡಿನ ಎರಡನೇ ಮಹಡಿ, ಏಣಿಯಂಥ ಮೆಟ್ಟಿಲು.
ಕೊಂಡದ್ದು ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪು,
ಇಪ್ಪತ್ತಾರು ಸಾವಿರ, ‘ಕೆ’ ಗುಂಡಿ ಸವೆದು ಬೋಳು.
ಬಿಲ್ಲಿನ ಜೊತೆ ಮಡಚಿದ ಹಾಳೆಯೊಂದನ್ನು ತಳ್ಳಿದ ಪ್ರಾಣೇಶ:
“ವಿಮೆ ಮೇಡಂ. ವರ್ಷಕ್ಕೆ ಸಾವಿರದ ಒಂಬೈನೂರು.
ಸ್ಟೂಡೆಂಟ್ ಅಂತ ನೂರು ಬಿಡ್ತೀನಿ.”
ಅವನ ಮೊಬೈಲಿನ ಗಾಜು ಜೇಡರ ಬಲೆ, ಮೇಲೆ ಸೆಲ್ಲೊಟೇಪು.
“ನಿಮ್ಮದಕ್ಕೆ ಮಾಡ್ಸಿಲ್ವಾ?”
“ಮಾಡ್ಸಿದೀನಿ. ಕ್ಲೇಮ್ ನಡೀತಿದೆ,
ಯುಗಾದಿಯಿಂದ.”

ಸಾವಿರದ ಎಂಟುನೂರು ಅಂದರೆ
ಮೂವತ್ತು ಮಧ್ಯಾಹ್ನದ ರೈಸ್‌ಬಾತು.

ಕಾಮಾಕ್ಷಿಪಾಳ್ಯದ ಪಿ.ಜಿ.ಯಲ್ಲಿ ಆ ರಾತ್ರಿ
ಮಂಚದ ಮೇಲೆ ಹಾಳೆ ಬಿಚ್ಚಿ, ಪೆನ್ಸಿಲ್ ಹಿಡಿದು ಓದಿದೆ.
ಅಕ್ಷರ ಸಾಸಿವೆಗಿಂತ ಸಣ್ಣ.
ಕಾಫಿ ಚೆಲ್ಲಿದರೆ ಉಂಟು, ಮಳೆ ತಾಗಿದರೆ ವಿಚಾರಣೆ.
ಬಿದ್ದರೆ ಉಂಟು, ಬೀಳಿಸಿದರೆ ಇಲ್ಲ.
ಮರೆತು ಬಂದರೆ ಇಲ್ಲ.
ಸಹಜ ಸವೆತಕ್ಕೆ ಇಲ್ಲ,
ಹಾಗಾದರೆ ‘ಕೆ’ ಗೋವಿಂದ.
ಹಾನಿಯ ಮೊದಲ ಎರಡು ಸಾವಿರ ನನ್ನ ಪಾಲು.
ಯಂತ್ರದ ಒಳಗೆ ಏನೇ ಇರಲಿ,
ಅದಕ್ಕೆ ಕಂಪನಿ ಹೊಣೆಯಲ್ಲ.

ಒಳಗಿರುವುದು ಏಳು ತಿಂಗಳ ಕಾಲುವೆ.
ಸಿವಿಲ್, ಆರನೇ ಸೆಮಿಸ್ಟರು.
ಮೂಗಿಗೆ ವೇಲು ಕಟ್ಟಿ, ಟೇಪು ಹಿಡಿದು
ರಾಜಕಾಲುವೆಯ ಅಗಲ ಅಳೆದಿದ್ದೇನೆ.
ಎಲ್ಲಿ ಮೂವತ್ತಡಿ ಇದ್ದದ್ದು ಹನ್ನೊಂದಾಯಿತು,
ಯಾರ ಕಾಂಪೌಂಡು ನೀರಿನ ಮೇಲೆ ಕಾಲು ಚಾಚಿದೆ,
ಒಂದು ಗಂಟೆ ಜೋರಾಗಿ ಹೊಯ್ದರೆ ಯಾವ ಬೀದಿ ಮೊದಲು.
ನಕ್ಷೆಯಲ್ಲಿ ಆ ಬೀದಿಗಳಿಗೆ ನೀಲಿ ಬಳಿದಿದ್ದೇನೆ.
ನಮ್ಮ ಪಿ.ಜಿ. ದಟ್ಟ ನೀಲಿಯಲ್ಲಿದೆ.

ಪ್ರಶ್ನೆ ಒಂಬತ್ತು:
ವಾಸದ ಜಾಗಕ್ಕೆ ನೀರು ನುಗ್ಗುವ ಸಂಭವ ತಮಗೆ ತಿಳಿದಿದೆಯೇ?
ಹೌದು ಅಂದರೆ ಕಂತು ಏರುತ್ತದೆ.
ಇಲ್ಲ ಅಂದರೆ ಏಳು ತಿಂಗಳು ಸುಳ್ಳಾಗುತ್ತದೆ.
ಖಾಲಿ ಬಿಟ್ಟೆ.

ಸಿಕ್ಕಿಬಿದ್ದದ್ದು ಹನ್ನೆರಡರಲ್ಲಿ:
ಕಳುವಾದ ಪಕ್ಷದಲ್ಲಿ ಬಾಗಿಲು ಒಡೆದ ಗುರುತು ಇರತಕ್ಕದ್ದು.
ಗಟ್ಟಿಯಾಗಿ ಓದಿದೆ. ನಕ್ಕೆವು.
ನಮ್ಮ ಬಾಗಿಲಲ್ಲಿ ಒಡೆಯಲು ಏನಿದೆ?
ಚಿಲಕ ಕಿತ್ತುಹೋದ ಜಾಗದಲ್ಲಿ ನಾಲ್ಕು ತೂತು,
ಗಾಳಿಗೆ ತೆರೆಯದಿರಲೆಂದು ಸಂದಿಗೆ ತುರುಕಿದ ಹಳೇ ಸಾಕ್ಸು.
ಕಳ್ಳ ಚಪ್ಪಲಿ ಹೊರಗೆ ಬಿಟ್ಟು ಬರಬಹುದು, ನೆಂಟನ ಹಾಗೆ.
“ಗುರುತು ತಾನೇ? ನಾನೇ ಒದ್ದು ಕೊಡ್ತೀನಿ,” ಅಂದಳು
ಮೇಲಿನ ಮಂಚದ ಲಲಿತಾಂಬ.
ಮುಬೀನಾ ಮಾತ್ರ ನಗಲಿಲ್ಲ.
ಹೋದ ವರ್ಷ ಅವಳ ಫೋನು ಹೋದದ್ದು ಹೀಗೇ,
ಸ್ನಾನ ಮುಗಿಸಿ ಬರುವಷ್ಟರಲ್ಲಿ, ದಿಂಬಿನ ಅಡಿಯಿಂದ.
ನಾವಿಬ್ಬರೂ ನಿದ್ದೆಯಲ್ಲಿದ್ದೆವು. ಹಾಗಂತ ಹೇಳಿದ್ದೆವು.
ಅವಳು ಮತ್ತೆ ಕೇಳಲಿಲ್ಲ.
ಆಮೇಲೆ ಬಕೆಟ್ಟಿನಲ್ಲಿ ಟವೆಲ್ಲಿನ ಜೊತೆ
ಫೋನನ್ನೂ ಒಯ್ಯತೊಡಗಿದಳು.

ಮಾರನೆಯ ದಿನ ಕೊಂಡೆ:
ಆರಂಗುಲದ ಕಬ್ಬಿಣದ ಚಿಲಕ, ನೂರಾ ಹತ್ತು, ಸ್ಕ್ರೂ ಬೇರೆ.
“ಬಾಡಿಗೇಲಿ ಹಿಡ್ಕೊಳ್ಳಲ್ಲ,” ಅಂದರು ಓನರ್ ಆಂಟಿ, ಮೊದಲೇ.
ಲಲಿತಾಂಬ ಲಟ್ಟಣಿಗೆಯಲ್ಲಿ ಬಡಿದು ಕೂರಿಸಿದಳು, ಸೊಟ್ಟಗೆ.
ಪ್ರಾಣೇಶನ ಫೋನು ಬಂತು.
ಯೋಚನೆ ಮಾಡ್ತಿದೀನಿ ಅಂದೆ, ಸುಳ್ಳಲ್ಲ,
ಹಾಳೆ ಇನ್ನೂ ಹೈಡ್ರಾಲಿಕ್ಸ್ ಪುಸ್ತಕದ ನಡುವೆ ಇದೆ.
ನಕ್ಷೆಯ ಇನ್ನೊಂದು ಪ್ರತಿ ಪೆನ್‌ಡ್ರೈವಿಗೆ ಇಳಿಸಿ
ಮುಬೀನಾಳ ಕೈಗೆ ಕೊಟ್ಟೆ.
ಯಾಕೆ ಅಂತ ಕೇಳಲಿಲ್ಲ,
ಬೀಗದಕೈ ಗೊಂಚಲಿಗೆ ಪೋಣಿಸಿಕೊಂಡಳು.

ಈಗ ತೊಂದರೆ ಇಷ್ಟೇ.
ಲ್ಯಾಬಿನ ಪಾಳಿ ಮುಗಿಸಿ ಅವಳು ಬರುವುದು ರಾತ್ರಿ ಒಂದೂವರೆಗೆ.
ಮೊದಲು ಸದ್ದಿಲ್ಲದೆ ಬಂದು ಮಲಗುತ್ತಿದ್ದಳು,
ಬಂದಳೋ ಇಲ್ಲವೋ ನಮಗೆ ಗೊತ್ತಾಗುತ್ತಿದ್ದದ್ದು ಬೆಳಗ್ಗೆ.
ಈಗ ತಟ್ಟಬೇಕು. ಒಬ್ಬಳು ಏಳಬೇಕು.
ನೆಲ ತಣ್ಣಗೆ, ಕಣ್ಣು ಅಂಟು,
ಸೊಟ್ಟ ಚಿಲಕ ಒಂದೇ ಸಲಕ್ಕೆ ಸರಿಯುವುದಿಲ್ಲ.
“ಯಾರು?”
“ನಾನು ಕಣೇ. ಇನ್ಯಾರು.”