ಹಗ್ಗದ ಇನ್ನೊಂದು ತುದಿ

ರಜೆ ಅರ್ಜಿಯಲ್ಲಿ ‘ಕಾರಣ’ ಅಂತ ಒಂದು ಗೆರೆ,
ಅರ್ಧ ಗೇಣು ಉದ್ದ.
ಬರೆದೆ: ಗುಡ್ಡ.
ಸೆಕ್ಷನ್ ಆಫೀಸರ್ ಕಿಟಕಿಯಾಚೆ ಬೆರಳು ಮಾಡಿದರು:
‘ಬಾದಾಮ್ಯಾಗ ಗುಡ್ಡಕ್ಕೇನ ಬರ ಬಂದೈತಿ?’
ಕೇಳಿದ್ದು ಹದಿನೆಂಟು ದಿನ, ಸಿಕ್ಕಿದ್ದು ಹದಿನಾಲ್ಕು.
ದೀಪಾವಳಿಗೆ ಮೊದಲು ಕಂಬದ ಮೇಲಿರಬೇಕು ಪವರ್‌ಮ್ಯಾನ್.
ಹುದ್ದೆಯ ಹೆಸರೇ ಹಾಗೆ, ಹತ್ತುವವಳು ಹೆಂಗಸಾದರೂ.

ಹದಿನಾಲ್ಕರಲ್ಲಿ ಏಳನ್ನು ರೈಲು, ಬಸ್ಸು ತಿನ್ನುತ್ತವೆ.
ಎರಡು ದಿನ ತೆಳು ಗಾಳಿಗೆ ಎದೆ ಒಗ್ಗಲು, ಸುಮ್ಮನೆ ಕೂತು.
ಒಂದು, ಹಿಮ ಬಿದ್ದರೆ.
ಉಳಿದ ನಾಲ್ಕು ಅದಕ್ಕೆ.
ನಕಾಶೆಯಲ್ಲಿ ಅದಕ್ಕೆ ಹೆಸರಿಲ್ಲ. ಒಂದು ಚುಕ್ಕಿ,
ಪಕ್ಕದಲ್ಲಿ ೫೧೪೦,
ಯಾರದೋ ಮನೆಯ ಮೀಟರ್ ರೀಡಿಂಗಿನ ಹಾಗೆ.

ಹಸ್ತ ಮಳೆ ಮುಗಿಯುವ ಹೊತ್ತಿಗೆ ಹೊರಡಬೇಕು,
ಚಿತ್ತಿ ಬಲಿಯುವ ಮೊದಲು ಇಳಿದಿರಬೇಕು.
ಅಲ್ಲಿಯ ಆಕಾಶ ನಮ್ಮ ಪಂಚಾಂಗ ಓದುತ್ತದೋ ಇಲ್ಲವೋ.

ಉಳ್ಳಾಗಡ್ಡಿ ತೂಗುವ ಈರಬಸಪ್ಪನ ತಕ್ಕಡಿಗೆ ಚೀಲ ಏರಿಸಿದೆ.
ಇಪ್ಪತ್ತೇಳು ಕಿಲೋ. ‘ಯಾವ ಮಾಲ್ ಇದು?’
ಸ್ಟೀಲ್ ಲೋಟ ತೆಗೆದೆ. ಎರಡನೇ ಸ್ವೆಟರ್ ತೆಗೆದೆ, ಮತ್ತೆ ಹಾಕಿದೆ.
ಟೂತ್‌ಬ್ರಷ್ಷಿನ ಹಿಡಿಕೆ ಕೊಯ್ದೆ.
ಖಡಕ್ ರೊಟ್ಟಿ ಹೇಗೂ ಮುರಿಯುತ್ತವೆಂದು
ಮನೆಯಲ್ಲೇ ಪುಡಿ ಮಾಡಿ ಶೇಂಗಾ ಚಟ್ನಿ ಕಲಸಿಟ್ಟೆ.
ಇಪ್ಪತ್ಮೂರೂವರೆ.

ಚಳಿಯನ್ನು ಎಲ್ಲಿ ಕಲಿಯುವುದು ಈ ಊರಲ್ಲಿ?
ತಿಕೋಟಾದ ಕೋಲ್ಡ್ ಸ್ಟೋರೇಜಿನ ವಾಚ್‌ಮನ್ ಮಲಕಾರಿ
ಒಂದು ರಾತ್ರಿ ಒಳಗೆ ಬಿಟ್ಟ.
ಒಣದ್ರಾಕ್ಷಿ ಪೆಟ್ಟಿಗೆಗಳ ನಡುವೆ, ನಾಲ್ಕು ಡಿಗ್ರಿಯಲ್ಲಿ,
ಕೈಗವಸು ತೊಟ್ಟು ಗಂಟು ಹಾಕಿದೆ, ಬಿಚ್ಚಿದೆ, ಹಾಕಿದೆ.
ಮೂರು ಗಂಟೆಗೆ ಬೆರಳು ನನ್ನ ಮಾತು ಕೇಳಲಿಲ್ಲ.
ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೂ
ಮೈಯ ಸಿಹಿ ವಾಸನೆಗೆ ನೊಣಗಳು ಬೆನ್ನು ಹತ್ತಿದವು.

ಇನ್ನು ರಾಜೇಸಾಬ.
ಹನ್ನೊಂದು ವರ್ಷ ಕೆಳಗೆ ನಿಂತು ನನ್ನ ಹಗ್ಗ ಹಿಡಿದವನು.
ಬಂಡೆಯಿಂದ ಒಮ್ಮೆಯೂ ಬೀಳದವನು,
ಕೆರೂರ ಕ್ರಾಸಿನಲ್ಲಿ ಹಂದಿ ಅಡ್ಡ ಬಂದು ಬೈಕಿನಿಂದ ಬಿದ್ದ.
ಭುಜದಲ್ಲಿ ಪಟ್ಟಿ, ಏಳು ಸ್ಕ್ರೂ.
‘ಹಗ್ಗ ಯಾರ ಹಿಡೀತಾರ?’
ಅಷ್ಟೇ ಕೇಳಿ, ಪಂಕ್ಚರ್ ಟ್ಯೂಬಿಗೆ ಸೊಲ್ಯೂಷನ್ ಹಚ್ಚುತ್ತ ಕೂತ.

ಬಂಡೆ ಹಿಡಿಯುತ್ತದೆ, ರಾಜೇಸಾಬ.
ಕೆಳಗೆ ಕಟ್ಟಿ ಹತ್ತುವುದು, ಮೇಲೆ ಕಟ್ಟಿ ಇಳಿಯುವುದು,
ಕೆಳಗಿನದು ಬಿಚ್ಚಿಕೊಂಡು ಮತ್ತೆ ಹತ್ತುವುದು.
ಒಬ್ಬಳೇ ಅಂದರೆ
ಒಂದೇ ಗುಡ್ಡ ಎರಡು ಸಲ.
ತಿಂಗಳಿಂದ ನಸುಕಿನಲ್ಲಿ ನಮ್ಮ ಕೆಂಪು ಕಲ್ಲಿನ ಮೇಲೆ
‘ಸಡಲ!’ ಎಂದು ಕೂಗುವವಳೂ ನಾನೇ,
ಸಡಲಿಸುವವಳೂ ನಾನೇ.
ಮಂಗ್ಯಾಗಳು ಮೊದಲ ವಾರ ನೋಡಿದವು,
ಆಮೇಲೆ ಬೇಸತ್ತು ಹೋದವು.
ಈ ಕಲ್ಲಿನ ಗುಣ ಬಲ್ಲೆ:
ಅಂಗೈಗೆ ಮರಳು ಕೊಡುತ್ತದೆ, ಹತ್ತಕ್ಕೆಲ್ಲ ಹಂಚಾಗುತ್ತದೆ.
ಅಲ್ಲಿಯದು ಕೈಗೆ ಏನು ಕೊಡುತ್ತದೆ,
ಗೊತ್ತಿಲ್ಲ.

ಬನ್ನಿ ಮುಡಿಯುವ ದಿನ ರೈಲು.
ಊರಿಗೆ ಊರೇ ಸೀಮೆ ದಾಟಿ, ಎಲೆ ಹಿಡಿದು,
ಕತ್ತಲಾಗುವಷ್ಟರಲ್ಲಿ ಮನೆಗೆ ಮರಳುತ್ತದೆ.
ನಾನು ಮರಳುವ ಟಿಕೆಟ್ಟು
ಇನ್ನೂ ವೇಟಿಂಗ್ ಲಿಸ್ಟ್ ನಲವತ್ತೊಂದು.

ನಿನ್ನೆ ಸಂಜೆ ಕರೆಯದೇ ಬಂದ.
ಪಡಸಾಲೆಯಲ್ಲಿ ಕೂತು ಹಗ್ಗದ ತುದಿ ಎತ್ತಿಕೊಂಡ.
ಸುಮ್ಮನೆ, ಎಡಗೈಯಲ್ಲಿ, ಗೇಣುಗೇಣಾಗಿ
ಅರವತ್ತು ಮೀಟರ್ ಬೆರಳುಗಳ ನಡುವೆ ಹಾಯಿಸಿದ.
ಚಹಾ ಆರಿತು.
ಇನ್ನೊಂದು ತುದಿಯ ಹತ್ತಿರ ಕೈ ನಿಂತಿತು.
ನಾನು ನೂರು ಸಲ ಮುಟ್ಟಿಯೂ ಕಾಣದ ಒಂದು ಮೆತ್ತನೆ ಜಾಗ.
‘ಇಲ್ಲಿ ಒಳಗ ತಿಂದೈತಿ. ಕೊಯ್.’

ಕೊಯ್ದೆ. ತುದಿಯನ್ನು ಅವನೇ ಸ್ಟೋವಿನ ಉರಿಗೆ ಹಿಡಿದು
ಕರಗಿಸಿ, ಉಗುಳು ಹಚ್ಚಿದ ಬೆರಳಿಂದ ಒತ್ತಿದ.
ತುಂಡನ್ನು ಹೆಗಲಿಗೆ ಹಾಕಿಕೊಂಡು ಎದ್ದ,
‘ಬಾವಿ ಕೊಡಕ್ಕ ಆಗತೈತಿ’ ಎಂದು.

ಐವತ್ತೆರಡು ಮೀಟರ್.
ಎಲ್ಲಿ ನಿಲ್ಲುವುದು, ಎಲ್ಲಿ ಕಟ್ಟುವುದು,
ಎಷ್ಟು ಸಲ ಇಳಿಯುವುದು, ಎಲ್ಲ ತಪ್ಪಿತು.
ರಬ್ಬರ್ ಹುಡುಕಿ,
ನಕಾಶೆಯನ್ನು ದೀಪದ ಕೆಳಗೆ ಹಾಸಿದೆ.